ಎಡಗೈಗೆ ಬಂದ ಬ್ರೇಕು

ನನ್ನ ಬಲಪಾದದ ಕೀಲು ಬಾಗುವುದಿಲ್ಲ. ಒಳಗೆ ಪ್ಲೇಟೂ ಸ್ಕ್ರೂಗಳೂ ಇವೆ. ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ದಿನವಿಡೀ ನಿಂತು ಕೆಲಸ ಮಾಡುತ್ತೇನೆ. ಪಾದವನ್ನು ಕೆಳಕ್ಕೆ ಒತ್ತುವುದು ಮಾತ್ರ ಆಗದು. ಬೈಕಿನಿಂದ ಬಿದ್ದಿರಬೇಕು ಎಂದು ಎಲ್ಲರೂ ಊಹಿಸುತ್ತಾರೆ. ನಾನು ಬಿದ್ದದ್ದು ಎಂ.ಎಸ್ಸಿ. ಓದುವಾಗ, ಹಾಸ್ಟೆಲಿನ ಒದ್ದೆ ಮೆಟ್ಟಿಲಿನಿಂದ. ಆಗ ನನ್ನ ಬಳಿ ಗೇರಿನ ಬೈಕೊಂದಿತ್ತು, ಅದರಿಂದ ಒಮ್ಮೆಯೂ ಬಿದ್ದಿರಲಿಲ್ಲ. ಆದರೂ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅದನ್ನು ಮಾರಿಯಾಗಿತ್ತು. ಹಿಂದಿನ ಚಕ್ರದ ಬ್ರೇಕು ಬಲಪಾದದ ಕೆಳಗಿರುತ್ತದೆ, ಇನ್ನು ಅವಳು ಅದನ್ನು ಒತ್ತಲಾರಳು. ಮನೆಯವರ ಲೆಕ್ಕ ಅಷ್ಟು ಸರಳವಾಗಿತ್ತು.

"ಸ್ಕೂಟರ್ ತಗೊಳ್ಳೇ, ಎರಡು ಬ್ರೇಕೂ ಕೈಯಲ್ಲೇ ಇರುತ್ತೆ" ಎಂದರು ಅಮ್ಮ. ತಗೊಂಡೆ. ತುಮಕೂರಿನ ಶೆಟ್ಟಿಹಳ್ಳಿಯ ಮನೆಯಿಂದ ಹಿರೇಹಳ್ಳಿಯ ಕಾರ್ಖಾನೆಗೆ ಅದರಲ್ಲೇ ಹೋಗಿಬರುತ್ತಿದ್ದೆ. ಅಲ್ಲಿ ನನ್ನ ಕೆಲಸ ಲೇತಿನಿಂದ ಬರುವ ಬಿಡಿಭಾಗಗಳನ್ನು ಅಳೆದು, ಸರಿ ಇದ್ದರೆ ಒಳಗೆ ಬಿಡುವುದು, ಇಲ್ಲದಿದ್ದರೆ ವಾಪಸು ಕಳಿಸುವುದು. ಸ್ಕೂಟರಿನ ಮೇಲೆ ನನಗೆ ಸಿಟ್ಟೇನಿರಲಿಲ್ಲ. ನನ್ನಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಬೇರೆಯವರು ತೀರ್ಮಾನಿಸಿ ಮುಗಿಸಿದ್ದರು, ಅದು ಮಾತ್ರ ಹಿಡಿಸಿರಲಿಲ್ಲ. ಗೇರಿನ ಬೈಕನ್ನು ಮತ್ತೆ ನಾನೇ ಓಡಿಸಬೇಕು ಎಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಸಿ.ಎಸ್. ಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ, ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಆ ಗಾಡಿ ಕಂಡಿತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಟೂ-ಸ್ಟ್ರೋಕ್ ಬೈಕು. ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಈ ಜಾತಿಯ ಗಾಡಿಯಲ್ಲಿ ಕಿಕ್ಕರ್ ಎಡಗಡೆಗಿರುತ್ತದೆ. ಗೇರ್ ಪೆಡಲನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಬಲಗಾಲಿಗೆ ಬ್ರೇಕೊಂದನ್ನು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಕೋಳಿಯ ಯಜಮಾನಿಯನ್ನು ಕೇಳಿದೆ. "ಗಾಡಿ ತಗೊಂಡೋಗವ್ವ, ಮರಿ ಆಗೋಗಂಟ ತಡ್ಕೊ" ಎಂದರು. ತಡೆದುಕೊಂಡೆ.

ಗುಬ್ಬಿಯಲ್ಲಿ ಈ ಗಾಡಿಗಳನ್ನು ಬಲ್ಲ ಮೆಕ್ಯಾನಿಕ್ ಒಬ್ಬರಿದ್ದರು. ವಯಸ್ಸಾದವರು, ಬಾಯಿ ಜೋರು. ಅವರ ಅಂಗಡಿಯ ಹಿಂಬದಿಯ ಶೀಟಿನ ಮಾಡಿನ ಕೆಳಗೆ, ವಾರದ ರಜೆಗಳಲ್ಲಿ ನಾನೇ ಬಿಚ್ಚುವುದು, ನನ್ನಿಂದಾಗದ್ದನ್ನು ಅವರು ಮಾಡುವುದು ಎಂದು ಒಪ್ಪಂದವಾಯಿತು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ವಾರವೇ ಡೀಸೆಲ್ ಸುರಿದು ಹೋಗುತ್ತಿದ್ದೆ. ಟ್ಯಾಂಕು, ಸೀಟು, ಮಡ್‌ಗಾರ್ಡು, ಚಕ್ರಗಳು, ವೈರಿಂಗ್ ಎಲ್ಲವೂ ಕಳಚಿ ಕೊನೆಗೆ ಫ್ರೇಮು ಬರಿದಾಗಿ ನಿಂತಿತು. ಬಿಚ್ಚಿದ ಪ್ರತಿ ಬೋಲ್ಟನ್ನೂ ಅದು ಇದ್ದ ತೂತಿನ ಹೆಸರು ಬರೆದು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದೆ.

"ಏನ್ ಮೇಡಮ್, ಬೋಲ್ಟ್‌ಗೆಲ್ಲಾ ನಾಮಕರಣ ಮಾಡ್ತಿದೀರ? ತೊಟ್ಲು ತರಿಸ್ಲಾ?" ಎಂದು ಮೆಕ್ಯಾನಿಕ್ ನಗುತ್ತಿದ್ದರು. ನಾನು ಮುಂದಿನ ಡಬ್ಬಿಗೆ ಹೆಸರು ಬರೆಯುತ್ತಿದ್ದೆ.

ನನ್ನ ಮೊದಲ ಯೋಜನೆ ಹೀಗಿತ್ತು: ಸೀಟನ್ನು ತಗ್ಗಿಸುವುದು, ಹಿಂದಿನ ಮಡ್‌ಗಾರ್ಡ್ ಮೋಟು ಮಾಡುವುದು, ಬಲಗಾಲಿನ ಬ್ರೇಕ್ ಪೆಡಲನ್ನು ತೆಗೆದುಹಾಕಿ ಉದ್ದದ ಕೇಬಲ್ ಎಳೆದು ಎಡಗೈಗೆ ಕೊಡುವುದು. ಆದರೆ ಎಡಗೈಯಲ್ಲಿ ಆಗಲೇ ಕ್ಲಚ್ ಇತ್ತು. ಒಂದೇ ಹಿಡಿಯಲ್ಲಿ ಎರಡು ಲಿವರ್ ಜೋಡಿಸಿ ನೋಡಿದೆ. ಏರಿನಲ್ಲಿ ನಿಂತ ಗಾಡಿ ಹೊರಡಬೇಕಾದರೆ, ಬಲಗೈ ಆಕ್ಸಿಲರೇಟರ್ ತಿರುಗಿಸುತ್ತಿರುವಾಗ ಎಡಗೈ ಬ್ರೇಕನ್ನು ಬಿಗಿಹಿಡಿದು ಕ್ಲಚ್ಚನ್ನು ನಿಧಾನ ಬಿಡಬೇಕು. ನಾಲ್ಕು ಬೆರಳಿನಲ್ಲಿ ಅದು ಸಾಧ್ಯವಿರಲಿಲ್ಲ. ಪುಟ್ಟ ಮಕ್ಕಳ ಕೈ ಹಿಡಿದ ಹಾಗೆ ಎರಡೂ ಜಾರುತ್ತಿದ್ದವು.

ಎಂಜಿನ್ ಬಿಚ್ಚಿದ ದಿನ ಬಲಗಡೆಯ ಕವರಿನೊಳಗೆ ಒಂದು ಖಾಲಿ ಜಾಗ ಕಂಡಿತು. ಗೇರ್ ಶಾಫ್ಟಿನ ತುದಿಯಲ್ಲಿ ಕಚ್ಚು ಕೊರೆದಿತ್ತು, ಅದರಲ್ಲಿ ಕೂರಬೇಕಾದ ವಸ್ತು ಇರಲಿಲ್ಲ. ಕಾರ್ಖಾನೆಯಲ್ಲಿ ಯಾರೂ ಸುಮ್ಮನೆ ಕಚ್ಚು ಕೊರೆಯುವುದಿಲ್ಲ.

"ಇಲ್ಲಿ ಏನಿತ್ತು?" ಎಂದು ಕೇಳಿದೆ.

"ಅದಾ? ಆಟೋ ಕ್ಲಚ್ಚು. ಗೇರ್ ಒತ್ತಿದ್ರೆ ಅದೇ ಕ್ಲಚ್ ಎತ್ತೋದು. ಕೈಯಲ್ಲಿ ಹಿಡಿಯಂಗೇ ಇಲ್ಲ. ಒಂದ್ ಚೂರು ಅಡ್ಜಸ್ಟ್ ತಪ್ಪಿದ್ರೆ ಗೋಳೋ ಗೋಳು. ಅದ್ಕೇ ನಾವೇ ಕಿತ್ತು ಬಿಸಾಕ್ಬುಡ್ತಿದ್ವಿ."

"ನೀವೇನಾ?"

"ನಾನೊಬ್ನೇ ಏನಮ್ಮಾ? ಇಡೀ ಜಿಲ್ಲೇನೇ ಕಿತ್ತಾಕ್ತು."

ನಾನು ಸ್ಪ್ಯಾನರ್ ಕೆಳಗಿಟ್ಟೆ. ಗೇರ್ ಪೆಡಲ್ ಒತ್ತಿ ಹಿಡಿದರೆ ಕ್ಲಚ್ ಬಿಡುತ್ತದೆ, ನಿಧಾನ ಬಿಟ್ಟರೆ ಹಿಡಿಯುತ್ತದೆ. ಅಂದರೆ ಕ್ಲಚ್ ಎಡಪಾದಕ್ಕೆ ಹೋಗುತ್ತದೆ, ಎಡಗೈ ಪೂರ್ತಿ ಖಾಲಿಯಾಗುತ್ತದೆ. ನನಗೆ ಬೇಕಾಗಿದ್ದ ಗಾಡಿ ಈ ಗಾಡಿಯೊಳಗೇ ಇತ್ತು. ಬೆರಳುದ್ದದ ಒಂದು ಉಕ್ಕಿನ ತುಂಡನ್ನು ಯಾರೋ ಕಿತ್ತೆಸೆದಿದ್ದರು, ಅಷ್ಟೆ.

ಗುಜರಿ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಕೊನೆಗೆ ಮೆಕ್ಯಾನಿಕ್ಕೇ ನೆನಪು ಮಾಡಿಕೊಂಡು ಹೇಳಿದರು: "ಕುಣಿಗಲ್‌ನಾಗೆ ಒಬ್ರವ್ರೆ, ವಾಲಗ ಊದೋರು. ಅವ್ರು ಮಾತ್ರ ನಂಗೆ ಅದ್ನ ಕೀಳಕ್ಕೆ ಬುಡ್ಲಿಲ್ಲ."

ಮುಂದಿನ ಭಾನುವಾರ ಕುಣಿಗಲ್ಲಿಗೆ ಹೋದೆ. ನಾದಸ್ವರದ ಹಿರಿಯರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಂಗಳದಲ್ಲಿ ಅದೇ ಮಾಡೆಲ್ಲಿನ ಗಾಡಿ, ಬಣ್ಣ ಹೋಗಿದ್ದರೂ ಓಡುವ ಸ್ಥಿತಿಯಲ್ಲಿತ್ತು. ಬಂದ ಕೆಲಸ ಹೇಳಿದೆ.

"ಮಾರಲ್ಲ" ಎಂದರು ತಕ್ಷಣ. "ಮದ್ವೆ ಮನೆಗೆ ಹೋಗೋವಾಗ ನನ್ ಎಡಗೈನಾಗೆ ವಾಲಗ ಇರ್ತಿತ್ತು ಕಣವ್ವ. ಚೀಲಕ್ಕೆ ಹಾಕಿ ಕಟ್ಟುದ್ರೆ ಗುಂಡೀಲಿ ಎಲ್ಲಾದ್ರೂ ಬಡಿದು ಸೀಳಾಗೋದು. ಅದ್ಕೇ ಮಗೀನಂಗೆ ಎತ್ಕೊಂಡೇ ಓಡುಸ್ತಿದ್ದೆ. ಆಟೋ ಕ್ಲಚ್ ಇಲ್ದಿದ್ರೆ ಆಯ್ತಿತ್ತಾ?"

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಮಗೀನ ಹಂಗೆ ಎತ್ಕೊಂಡಿದ್ದುನ್ನ ಮಾತ್ರ ನಾ ಕಾಣೆ! ವಾಲಗ ಮಡ್ಲಲ್ಲಿ, ಮಗ ನನ್ ಕಂಕುಳಲ್ಲಿ."

"ಮಗ ಬಿದ್ರೆ ಅಳ್ತಾನೆ, ಎದ್ದೇಳ್ತಾನೆ. ವಾಲಗ ಬಿದ್ರೆ ಮದ್ವೇನೇ ನಿಂತೋಯ್ತದೆ, ಸುಮ್ಕಿರು" ಎಂದರು ಅವರು.

ಮಾರುವುದು ಬೇಡ, ಇಲ್ಲಿಯೇ ಬಿಚ್ಚಿ ಅಳತೆ ತೆಗೆದು ಇಲ್ಲಿಯೇ ಹಾಕಿಕೊಡುತ್ತೇನೆ ಎಂದೆ. ಅವರು ನನ್ನ ಕಾಲನ್ನೊಮ್ಮೆ, ಕೈಯಲ್ಲಿದ್ದ ಉಪಕರಣದ ಪೆಟ್ಟಿಗೆಯನ್ನೊಮ್ಮೆ ನೋಡಿ ಒಪ್ಪಿದರು. ತುಂಡನ್ನು ಹೊರತೆಗೆದು, ಕ್ಲಚ್ಚಿನ ಲಿವರನ್ನು ತಳ್ಳುವ ಅದರ ಅಂಚಿನ ಪ್ರತಿ ಬಾಗನ್ನೂ ವರ್ನಿಯರ್ ಅಳತೆಗೋಲಿನಲ್ಲಿ ಅಳೆದೆ. ಒಂದೊಂದು ಅಳತೆಯನ್ನೂ ಎರಡೆರಡು ಸಲ ನೋಡಿದೆ. ಅದನ್ನು ಮತ್ತೆ ಜೋಡಿಸಿ, ಅವರೇ ಒಂದು ಸುತ್ತು ಹೋಗಿಬಂದು ತಲೆಯಾಡಿಸಿದ ಮೇಲೆ ಹೊರಟೆ.

ಹಿರೇಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನ್ನ ಚಿತ್ರದ ಪ್ರಕಾರ ಉಕ್ಕಿನಲ್ಲಿ ತುಂಡು ಕೊರೆಸಿ, ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿಸಿದೆ. ಬಂದ ತುಂಡನ್ನು ಅಳೆದೆ. ನಾನು ಕೊಟ್ಟ ಅಂಕಿಗಳಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅಷ್ಟರಲ್ಲಿ ಫ್ರೇಮಿಗೆ ಬೂದು ಬಣ್ಣ ಬಿದ್ದು, ಎಂಜಿನ್ ಕೂತು, ಎಡಗೈಗೆ ಬ್ರೇಕ್ ಲಿವರ್ ಬಂದಿತ್ತು. ಬದಲಾವಣೆಗೆ ಆರ್‌ಟಿಓ ಅನುಮತಿ ಪಡೆದದ್ದನ್ನು ಇಲ್ಲಿ ವಿವರಿಸುವುದಿಲ್ಲ. ಅಲೆದೆ, ಸಿಕ್ಕಿತು.

ಗುಬ್ಬಿಯ ಅಂಗಡಿಯ ಮುಂದೆ ಮೊದಲ ಸಲ ಕಿಕ್ ಹೊಡೆದು ಎಂಜಿನ್ ಶುರು ಮಾಡಿದೆ. ಪೆಡಲ್ ಒತ್ತಿ ಹಿಡಿದೆ. ಫಸ್ಟ್ ಗೇರ್ ಬಿತ್ತು, ಕ್ಲಚ್ ಪೂರ್ತಿ ಬಿಡಲಿಲ್ಲ. ನಿಲ್ಲಬೇಕಾದ ಗಾಡಿ ಮುಂದಕ್ಕೆ ತೆವಳತೊಡಗಿತು. ಎರಡು ಬ್ರೇಕನ್ನೂ ಹಿಡಿದೆ. ಗೊರಕೆ ಹೊಡೆಯುತ್ತಲೇ ಪಕ್ಕದ ಟೀ ಅಂಗಡಿಯ ಬೆಂಚಿಗೆ ತಾಗಿ ಆಫ್ ಆಯಿತು.

"ಎಮ್ಮೆ ಎಳ್ದಂಗೆ ಎಳೀತೈತಲ್ಲಮ್ಮಾ!" ಎಂದು ಮೆಕ್ಯಾನಿಕ್ ಓಡಿಬಂದು ಹ್ಯಾಂಡಲ್ ಹಿಡಿದರು. "ಹೇಳ್ಲಿಲ್ವಾ ನಾನು? ಕ್ಲಚ್ ಕೈಗೇ ಕೊಡೋಣ. ಈ ಬ್ರೇಕ್ ಗೀಕು ಎಲ್ಲಾ ಬುಡು. ಚೆಂದಾಗಿ ಪಾಲಿಶ್ ಮಾಡಿ ಮನೆ ಮುಂದೆ ನಿಲ್ಸ್ಕೊ, ಶೋಕಿಗೆ."

ಟೀ ಕುಡಿಯುತ್ತಿದ್ದವರು ನಕ್ಕರು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ: ಕುಣಿಗಲ್ಲಿನ ಗಾಡಿಯಲ್ಲಿ ಕೆಲಸ ಮಾಡುವ ತುಂಡು ಇಲ್ಲೇಕೆ ಮಾಡುತ್ತಿಲ್ಲ?

ಮನೆಗೆ ಹೋಗಿ ಅಳತೆಗಳನ್ನು ಮುಂದಿಟ್ಟುಕೊಂಡೆ. ಅಂಚಿನ ಬಾಗು ಒಂದು ಕಡೆ ಮಾತ್ರ ಸ್ವಲ್ಪ ಚಪ್ಪಟೆಯಾಗಿತ್ತು, ಅದಕ್ಕೆ ಕಾರಣವೇ ಕಾಣಲಿಲ್ಲ. ಆಮೇಲೆ ಕಂಡಿತು. ಅದು ಸವೆತ. ಎಷ್ಟೋ ವರ್ಷದ ಮದುವೆಗಳಿಗೆ ಓಡಾಡಿ ಆ ತುಂಡು ಸವೆದಿತ್ತು. ಅದು ಸವೆದ ಹಾಗೆಲ್ಲ ಅವರು ಅಡ್ಜಸ್ಟ್ ಸ್ಕ್ರೂ ತಿರುಗಿಸುತ್ತಾ, ಕಾಲಿನ ಒತ್ತನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾ ಬಂದಿದ್ದರು. ನಾನು ಆ ಸವೆತವನ್ನೂ ಸೇರಿಸಿ, ಕೂದಲೆಳೆಯಷ್ಟೂ ತಪ್ಪದೆ, ಹೊಸ ಉಕ್ಕಿನಲ್ಲಿ ಕೆತ್ತಿಸಿದ್ದೆ. ದಿನವೂ ಬೇರೆಯವರ ತುಂಡುಗಳನ್ನು ವಾಪಸು ಕಳಿಸುವವಳು ನಾನು.

ಇನ್ನು ನಕಲು ಮಾಡುವಂತಿರಲಿಲ್ಲ. ಗುಬ್ಬಿಗೆ ಹೋಗಿ, ಕ್ಲಚ್ ಪೂರ್ತಿ ಬಿಡಲು ಒಳಗಿನ ಲಿವರ್ ಎಷ್ಟು ಸರಿಯಬೇಕು, ಅಷ್ಟರಲ್ಲಿ ಪೆಡಲ್ ಎಷ್ಟು ತಿರುಗುತ್ತದೆ ಎಂದು ನಮ್ಮ ಗಾಡಿಯ ಮೇಲೆಯೇ ಅಳೆದೆ. ಆ ಎರಡರಿಂದ ಅಂಚಿನ ಬಾಗನ್ನು ಹೊಸದಾಗಿ ಬರೆದೆ. ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಗೊಣಗುತ್ತಲೇ ಪೆಡಲ್ ಒತ್ತಿ ಹಿಡಿದುಕೊಟ್ಟರು. ಅದರಂತೆ ಕೊರೆಸಿ ಮುಂದಿನ ರಜೆಗೆ ತಂದ ಎರಡನೆಯ ತುಂಡು ಇನ್ನೂ ಬಿಗಿ. ಅದನ್ನು ಸಾಣೆಯ ಎಣ್ಣೆಕಲ್ಲಿನ ಮೇಲೆ ಕೈಯಲ್ಲೇ ಉಜ್ಜಿ, ಹಾಕಿ ನೋಡಿ, ತೆಗೆದು, ಮತ್ತೆ ಉಜ್ಜಿದೆ. ಅವರು ಊಟ ಮುಗಿಸಿ ಬಂದಾಗಲೂ ಉಜ್ಜುತ್ತಿದ್ದೆ.

"ಮೊಂಡು ಕಣಮ್ಮಾ ನೀನು" ಎಂದರು.

"ಹೌದು" ಎಂದೆ.

ಸಂಜೆ ಹೊತ್ತಿಗೆ ಪೆಡಲ್ ಒತ್ತಿ ಹಿಡಿದರೆ ಹಿಂದಿನ ಚಕ್ರ ಬೆರಳಲ್ಲಿ ತಿರುಗುವಷ್ಟು ಸಡಿಲವಾಯಿತು. ಬಿಟ್ಟರೆ ಮೆತ್ತಗೆ ಹಿಡಿಯಿತು.

ಗುಬ್ಬಿಯಿಂದ ತುಮಕೂರಿಗೆ ನಾನೇ ಓಡಿಸಿಕೊಂಡು ಬಂದೆ. ಹೆದ್ದಾರಿಯಲ್ಲಿ ತೊಂದರೆ ಇರಲಿಲ್ಲ. ನೇರ ದಾರಿಯಲ್ಲಿ ಯಾವ ಗಾಡಿಯಾದರೂ ಓಡುತ್ತದೆ. ಪರೀಕ್ಷೆ ಇದ್ದದ್ದು ಮನೆಯ ಹತ್ತಿರದ ಶೆಟ್ಟಿಹಳ್ಳಿ ಅಂಡರ್‌ಪಾಸಿನಲ್ಲಿ. ರೈಲು ಹಳಿಯ ಕೆಳಗೆ ಇಳಿದು ಮೇಲೇರುವಾಗ ಮುಂದಿನ ಕಾರು ನಿಂತಿತು. ನಾನೂ ಏರಿನ ನಡುವೆ ನಿಂತೆ. ಹಿಂದೆ ಆಟೋ, ಅದರ ಹಿಂದೆ ಸಾಲು. ಕಾರು ಹೊರಟಿತು. ಪೆಡಲ್ ಬಿಡುವ ಮೊದಲೇ ಅವಸರದಲ್ಲಿ ಎಡಗೈ ಬಿಟ್ಟುಬಿಟ್ಟೆ. ಗಾಡಿ ಹಿಂದಕ್ಕೆ ಸರಿದು ಆಟೋದ ಮುಂಚಕ್ರಕ್ಕೆ ಮುಟ್ಟಿತು, ಗಾಬರಿಗೆ ಪಾದವನ್ನೂ ಒಮ್ಮೆಲೇ ಎತ್ತಿದೆ, ಆಫ್ ಆಯಿತು.

"ಏನಕ್ಕಾ, ರಿವರ್ಸ್ ಗೇರೂ ಹಾಕ್ಸಿದೀರಾ? ತಳ್ಳನಾ?" ಎಂದ ಆಟೋದವ.

"ಬೇಡ, ಒಂದ್ ನಿಮಿಷ."

ಬ್ರೇಕ್ ಹಿಡಿದು, ನ್ಯೂಟ್ರಲ್‌ಗೆ ತಂದು ಕಿಕ್ ಹೊಡೆದೆ. ಪೆಡಲ್ ಒತ್ತಿದೆ. ಎಂಜಿನ್ನಿನ ದನಿ ಏರಿದ ಮೇಲೆ ಪಾದವನ್ನು ಮೊದಲು ಸಡಿಲಿಸಿ, ಗಾಡಿ ಎಳೆಯಲು ನೋಡುತ್ತಿದೆ ಎನ್ನಿಸಿದಾಗ ಬೆರಳು ಬಿಟ್ಟೆ. ಮೇಲೆ ಬಂದೆ.

ಮನೆಗೆ ಎಡಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಮುಂದೆ ಹೋಗಿ ಸುತ್ತು ಹಾಕಿ ಮತ್ತೆ ಅದೇ ಅಂಡರ್‌ಪಾಸಿಗೆ ಇಳಿದೆ. ಈ ಸಲ ಮುಂದೆ ಯಾರೂ ಇರಲಿಲ್ಲ. ಏರಿನ ಅತಿ ಕಡಿದಾದ ಜಾಗದಲ್ಲಿ ಬೇಕೆಂದೇ ಬದಿಗೆ ನಿಲ್ಲಿಸಿದೆ, ಎಡಗೈ ಬಿಗಿ ಮಾಡಿದೆ, ಬಲಗಾಲನ್ನು ನೆಲಕ್ಕೂರಿ ಎಡಪಾದದಲ್ಲಿ ಪೆಡಲ್ ಒತ್ತಿ ಹಿಡಿದೆ. ಗಾಡಿ ಹಿಂದಕ್ಕೂ ಸರಿಯಲಿಲ್ಲ, ಮುಂದಕ್ಕೂ ಸರಿಯಲಿಲ್ಲ. ಪಾದ ಸಡಿಲಿಸಿದೆ, ಆಮೇಲೆ ಕೈ. ಹಿಂದಿನ ಚಕ್ರ ಕೂದಲೆಳೆಯಷ್ಟೂ ಹಿಂಜರಿಯದೆ ಮೇಲಕ್ಕೆ ಹೊರಟಿತು.