ಕೌದಿ ಕಟ್ಟಿದ ಕೋಣೆಯಲ್ಲಿ ಕೇಳಿದ ದನಿ

ಮುಂಚೆ ಯಾರಾದರೂ ಇಂಥದ್ದು ಹೇಳಿದರೆ ನಾನು ನಕ್ಕು, 'ಮೈಕ್ ಕೆಟ್ಟಿರಬೇಕು' ಅನ್ನುತ್ತಿದ್ದೆ. ಧ್ವನಿ ಮುದ್ರಣವೇ ನನ್ನ ಕಸುಬು. ಈಗ ನೀವೂ ನಗಬಹುದು, ನನಗೇನೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದೆ ಹೊಸಪೇಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ಶ್ರವ್ಯನಾಟಕ ಮಾಡುತ್ತಿದ್ದೆ. ಭೂಮಿ ಬಿಟ್ಟ ಜನ ಬೇರೊಂದು ಗ್ರಹದಲ್ಲಿ ಊರು ಕಟ್ಟಿಕೊಂಡ ಕಥೆ. ಅಲ್ಲಿನ ಕೆಂಪು ಧೂಳಿಗಾಗಿ ನಾನೇನೂ ತಲೆ ಕೆಡಿಸಿಕೊಳ್ಳಲಿಲ್ಲ, ಸಂಡೂರಿನ ಗಣಿ ದಾರಿ ನೋಡಿದ್ದೆನಲ್ಲ. ಅಲ್ಲಿ ಆಡಿದ ಮಾತು ಭೂಮಿಗೆ ಮುಟ್ಟಲು ವರ್ಷಗಳೇ ಬೇಕು ಎಂದು ಬರೆದಿದ್ದೆ.

ಅಜ್ಜಿಯ ಪಾತ್ರಕ್ಕೆ ಮರಿಯಮ್ಮನಹಳ್ಳಿಯ ಶಾಂತಕ್ಕ ಬಂದಿದ್ದರು. ಹಳೆಯ ರಂಗನಟಿ, ಗಂಟೆಯಂಥ ಕಂಠ. ಆ ಗಂಟಲಲ್ಲೇ ಗಡ್ಡೆಯಾಗಿತ್ತು. ಆಪರೇಷನ್ ಆದರೆ ದನಿ ಹೋಗಬಹುದೆಂದು ಡಾಕ್ಟರು ಹೇಳಿದ್ದರು. "ಇರೋತನಕ ತುಂಬ್ಕೋ ತಮ್ಮಾ, ಜಲ್ದಿ" ಎಂದು ಅವರೇ ಅವಸರ ಮಾಡಿದರು.

ಭೂಮಿ ಬಿಡುವಾಗ ಅಜ್ಜಿಯ ಕೊನೆಯ ಮಾತು 'ಹೋಗ್ತೀನಿ'. ನಮ್ಮಲ್ಲಿ ಹಾಗೆ ಅನ್ನುವುದಿಲ್ಲ, 'ಹೋಗಿ ಬರ್ತೀನಿ' ಅನ್ನಬೇಕು. ಆದರೆ ಆ ಅಜ್ಜಿ ವಾಪಸ್ ಬರುವವಳಲ್ಲ, ಬೇಕಂತಲೇ ಬರೆದಿದ್ದೆ. ಶಾಂತಕ್ಕ ಹಾಳೆಯಲ್ಲಿ ಆ ಮಾತಿನ ಮೇಲೆ ಬೆರಳಿಟ್ಟರು. "ನಾಟಕದಾಗ ಎಷ್ಟು ಸಲ ಸತ್ತೀನಿ, ಇದೇನು ಭಾಳ ಅಲ್ಲ ಬಿಡು" ಅಂದು, ಹೇಳಿಯೇ ಬಿಟ್ಟರು.

ತಿರುಗಿ ಹಾಕಿ ಕೇಳಿದಾಗ ಆ ಮಾತಿನ ಹಿಂದೆಯೇ ಇನ್ನೊಂದು ದನಿ. ಒಡಕು, ಗೊರಗೊರ. "ಹೋಗಿ ಬರ್ತೀನಿ," ಒಂದು ಸಣ್ಣ ಕೆಮ್ಮು, "ಅನಬೇಕು ತಮ್ಮಾ." ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ಗೋಡೆಗೆಲ್ಲ ಹಳೆ ಸೀರೆ ಹೊಲಿದ ದಪ್ಪ ಕೌದಿ ಕಟ್ಟಿದ್ದೆ, ಬೀದಿಯ ಸದ್ದೂ ಒಳಗೆ ಬರುತ್ತಿರಲಿಲ್ಲ.

"ಹೋಗ್ತೀನಿ ಅಂದಾಕಿ ಅಜ್ಜಿ, ಅಜ್ಜಿಗೆ ಯಾರಾರ ತಮ್ಮಾ ಅಂತಾರೇನು?" ಎಂದು ಶಾಂತಕ್ಕ ನಕ್ಕರು. ನನಗೆ ನಗು ಬರಲಿಲ್ಲ. ಆ ತುಣುಕನ್ನು ಕತ್ತರಿಸಿ ಬೇರೆ ಇಟ್ಟೆ.

ಆಪರೇಷನ್ ಆಗಿ ತಿಂಗಳುಗಳಾದರೂ ಅವರ ಬಾಯಿಂದ ಮಾತು ಹೊರಡಲಿಲ್ಲ, ಎಲ್ಲ ಕೈಸನ್ನೆಯೇ. ನಾಟಕ ಮುಗಿದ ಮೇಲೆ ಕೇಳಿಸಲು ಅವರ ಮನೆಗೆ ಹೋದೆ. ಕಣ್ಣು ಮುಚ್ಚಿ ತಮ್ಮ ದನಿಯನ್ನು ತಾವೇ ಕೇಳಿದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. "ಹೋಗ್ತೀನಿ ಅಕ್ಕಾ" ಎಂದು ದಡಬಡ ಹೊಸ್ತಿಲು ದಾಟಿದೆ.

"ಹೋಗಿ ಬರ್ತೀನಿ," ಹಿಂದಿನಿಂದ ಒಂದು ಸಣ್ಣ ಕೆಮ್ಮು, "ಅನಬೇಕು ತಮ್ಮಾ."

ಅದೇ ಒಡಕು, ಅದೇ ಕೆಮ್ಮು. ಆಪರೇಷನ್ ಆದ ಮೇಲೆ ಅವರು ಆಡಿದ ಮೊದಲ ಮಾತು ಅದು. ಅಡುಗೆಮನೆಯಿಂದ ಅವರ ಮಗಳು ಅಳುತ್ತಾ ಓಡಿಬಂದಳು.

ಆ ತುಣುಕು ಇನ್ನೂ ನನ್ನ ಹತ್ತಿರ ಇದೆ. ಅದು ಹೇಗೆ ಮೊದಲೇ ಅಲ್ಲಿಗೆ ಬಂತು ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ತಿರುಗಿ ನಿಂತು, "ಹೋಗಿ ಬರ್ತೀನಿ ಅಕ್ಕಾ" ಅಂದೆ. ಬಸ್ಸು ಹೋಗಿಬಿಟ್ಟಿತ್ತು.