ಯಾರ ಹಿಡಿ?

ನನ್ನ ಮೈದುನ ವಿಜಾಪುರದಲ್ಲಿ ಕಾಲೇಜು ಓದುತ್ತಿದ್ದ. ಎಪ್ಪತ್ತರ ಇಸವಿ ದಾಟಿದ ಕಾಲ. ರಜೆಗೆಂದು ಇಂಡಿಯ ಮನೆಗೆ ಬಂದವನು ಒಂದು ಹೊಸ ಆಟ ತಂದ. ತಾನೇ ಕಟ್ಟಿದ್ದು ಎನ್ನುತ್ತಿದ್ದ. ಇರಲಿ. ಅವನು ಕಥೆ ಹೇಳಬೇಕು, ನಾವು ಅದರೊಳಗಿನ ಜನ ಆಗಬೇಕು. ಇಂಡಿಯಿಂದ ಹೊರಟು ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಹಾಯ್ದು ಕೃಷ್ಣಾ ಹೊಳೆ ದಾಟಿದವರು ಗೆದ್ದರು.

ಹೊರಡುವ ಮೊದಲು ಪ್ರತಿಯೊಬ್ಬರಿಗೂ ಹುಣಸೆಬೀಜ. ಅವನ್ನು ನೆಲದ ಮೇಲೆ ಖಡುವಿನಲ್ಲಿ, ಅಂದರೆ ಸೀಮೆಸುಣ್ಣದಲ್ಲಿ, ಬರೆದ ಮೂರು ಮನೆಗಳಿಗೆ ಹಂಚಬೇಕು: ತಾಕತ್ತು, ಬುದ್ಧಿ, ಮಾತು. ದಾರಿಯಲ್ಲಿ ಏನಾದರೂ ಅಡ್ಡ ಬಂದರೆ ಕವಡೆ ಉರುಳಿಸಿ, ಬಿದ್ದದ್ದಕ್ಕೆ ಆ ಮನೆಯ ಬೀಜ ಕೂಡಿಸಬೇಕು. ಮೈದುನ ಹೇಳಿದಷ್ಟು ಆದರೆ ಮುಂದೆ ಹೋಗು, ಇಲ್ಲದಿದ್ದರೆ ಸತ್ತೆ.

ಬೀಜ ಎಷ್ಟು? ಒಬ್ಬೊಬ್ಬರಿಗೆ ಒಂದು ಹಿಡಿ, ಎಲ್ಲರಿಗೂ ಸಮ, ಎಂದ. ಭಾರೀ ನ್ಯಾಯವಂತ. ನನ್ನ ಗಂಡ ಮುಷ್ಟಿ ಹಾಕಿದರೆ ಮೂವತ್ತು ಬರುತ್ತಿದ್ದವು. ನನಗೆ ಹತ್ತೊಂಬತ್ತು. ನಾದಿನಿಗೆ ಹದಿನಾಲ್ಕೇ; ಹದಿನಾರು ವರ್ಷದ ಹುಡುಗಿ, ಸಣ್ಣ ಕೈ. ಅವಳು ಇಡೀ ರಜೆ ಬಾಗೇವಾಡಿಯ ಕಳ್ಳರ ಕೈಯಲ್ಲೇ ಸತ್ತಳು. ಒಮ್ಮೆಯಾದರೂ ಹೊಳೆ ದಾಟಬೇಕೆಂಬುದೇ ಅವಳ ಹಟ. ನಿನಗೆ ಬೀಜ ಹಂಚಲು ಬರುವುದಿಲ್ಲ ಎಂದು ಮೈದುನ ದಿನವೂ ಪಾಠ ಹೇಳುತ್ತಿದ್ದ. ಹದಿನಾಲ್ಕರಲ್ಲಿ ಹಂಚುವುದೇನು, ಮಣ್ಣು?

ರಜೆ ಮುಗಿದಿತ್ತು, ಮರುದಿನ ಅವನು ವಿಜಾಪುರಕ್ಕೆ ಹೊರಡುವವನಿದ್ದ. ಕೊನೆಯ ಆಟಕ್ಕೆ ಕೂತಾಗ ನಾನು ಕೇಳಿದೆ: "ಹಿಡಿ ಅಂದ್ರ ಯಾರ ಹಿಡಿರಿ?"

"ಯಾರದಾದ್ರೇನ್ರಿ ವೈನಿ. ಹಿಡಿ ಅಂದ್ರ ಹಿಡಿ," ಎಂದ ಮೈದುನ.

ಕಾಲೇಜಿನಲ್ಲಿ ಇಷ್ಟೇ ಕಲಿಸಿದ್ದರು. ನಾನು ಆ ಮನೆಗೆ ಬಂದ ಹೊಸದರಲ್ಲಿ ಅತ್ತೆ ಆರು ಹಿಡಿ ಬೇಳೆ ಹಾಕು ಎಂದಾಗ ನನ್ನ ಕೈಯಿಂದ ಆರು ಹಾಕಿದ್ದೆ. ಸಾರು ನೀರಾಗಿ ಬೈಗುಳ ತಿಂದೆ. ಆ ಮನೆಯಲ್ಲಿ ಹಿಡಿ ಎಂದರೆ ಅತ್ತೆಯ ಹಿಡಿ, ಯಾರು ಅಡಿಗೆ ಮಾಡಿದರೂ. ಆಟಕ್ಕೂ ಅದೇ ಇರಲಿ ಎಂದೆ. ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಬದಿಗಿಟ್ಟು ಬಂದು, ಗೊಣಗುತ್ತಲೇ ಮೂರು ಹಿಡಿ ಹಾಕಿದರು. ಮಗನಿಗೂ ಮಗಳಿಗೂ ಸೊಸೆಗೂ ತಲಾ ಇಪ್ಪತ್ತೆರಡು.

ನನ್ನ ಗಂಡನಿಗೆ ಇಪ್ಪತ್ತೆರಡರಲ್ಲಿ ಬಾಳುವೆ ಮಾಡಿ ಗೊತ್ತಿರಲಿಲ್ಲ. ಎಲ್ಲವನ್ನೂ ತಾಕತ್ತಿನ ಮನೆಗೆ ಸುರಿದರು. ಸಿಂದಗಿಯಲ್ಲಿ ಪೇಟೆಯ ಕಾವಲುಗಾರ ಯಾವ ಊರವ ಎಂದು ಕೇಳಿದ. ಜವಾಬು ಕೊಡಲು ಮಾತಿನ ಮನೆಯಲ್ಲಿ ಒಂದು ಬೀಜವಿಲ್ಲ. ಅಲ್ಲೇ ಮುಗಿದರು. ಇದು ಹುಡುಗರ ಆಟ ಎಂದು ಆಗ ಅವರಿಗೆ ಹೊಳೆಯಿತು, ಎದ್ದು ಮಲಗಲು ಹೋದರು. ನಾನು ಬಾಗೇವಾಡಿಯಲ್ಲಿ ಸತ್ತೆ, ಅದರಲ್ಲಿ ಹೇಳುವಂಥದ್ದಿಲ್ಲ.

ನಾದಿನಿ ಮಾತಿನ ಮನೆಯಲ್ಲಿ ಹದಿನೈದು ಇಟ್ಟಿದ್ದಳು. ಕಳ್ಳರ ಜೊತೆ ಮಾತಾಡುತ್ತೇನೆ ಎಂದಳು. ಕಳ್ಳರಿಗೆ ಮಾತು ನಡೆಯುವುದಿಲ್ಲ, ತಾಕತ್ತೇ ಬೇಕು, ಎಂದ ಮೈದುನ.

"ಯಾಕ್ರಿ, ಮೂಕರೇನು ನಿಮ್ಮ ಕಳ್ಳರು?" ಎಂದೆ.

ಒಪ್ಪಲೇಬೇಕಾಯಿತು. ಕಳ್ಳರು ಬಿಟ್ಟರು. ಮುದ್ದೇಬಿಹಾಳ ಹಿಂದೆ ಬಿತ್ತು. ಹರಗೋಲಿನವನು ಹತ್ತಿಸಿಕೊಳ್ಳಲು ತಕರಾರು ಮಾಡಿದ, ಅವನೂ ಮಾತಿಗೇ ಬಗ್ಗಿದ.

"ದಾಟಿದಿ. ಗೆದ್ದಿ, ಆತು," ಎಂದು ಮೈದುನ ಕವಡೆ ಬಾಚತೊಡಗಿದ.

"ಗೆದ್ದದ್ದು ಇರಲಿ ಅಣ್ಣಾ. ಹರಗೋಲ ಇಳದೇನಿ ನಾ. ಆಚಿ ಕಡೆ ಏನೈತಿ?"

ಇಡೀ ರಜೆ ಕಳ್ಳರನ್ನು, ಕಾವಲುಗಾರರನ್ನು ಹುಟ್ಟಿಸಿದವನು ಹೊಳೆಯ ಆಚೆ ಒಂದು ಗಿಡ ಕೂಡ ನೆಟ್ಟಿರಲಿಲ್ಲ. ನನ್ನ ಗಂಡ ದಿನವೂ ದಾಟಿದ್ದರು, ದಾಟಿ ನಿದ್ದೆಗೆ ಹೋಗಿದ್ದರು, ಕೇಳಿದವರಲ್ಲ.

ಚಹಾ ಮಾಡು ಹೋಗು ಎಂದು ತಂಗಿಗೆ ಹೇಳಿದ. ಅವಳು ಏಳಲಿಲ್ಲ. ನಾನೇ ಹೋಗಿ ಒಲೆಯ ಮೇಲೆ ನೀರಿಟ್ಟೆ. ಪಡಸಾಲೆಯಿಂದ ಕೇಳಿಸುತ್ತಿತ್ತು: ಅವನು ತಡವರಿಸುತ್ತ ಒಂದು ಜಾಲಿಗಿಡದಿಂದ ಶುರು ಮಾಡಿದ್ದ. ಜಾಲಿ ಬೇಡ, ಇಲ್ಲೇ ಸಾಕಷ್ಟದಾವ, ಬೇರೆ ಹೇಳು, ಎನ್ನುತ್ತಿದ್ದಳು ಅವಳು.