ಕರೆಂಟ್ ಹೋದಾಗ ಕೇಳುತ್ತಿದ್ದ ಹಾಡು

ಬಿಡದಿಯಲ್ಲಿ ಕಾರ್ಖಾನೆಯ ಬಸ್ಸಿಗೆ ಕಾಯುತ್ತಾ ತಟ್ಟೆ ಇಡ್ಲಿ ತಿನ್ನುತ್ತಿದ್ದೆ. ಹೋಟೆಲಿನ ಸ್ಪೀಕರಿನಲ್ಲಿ ಎಂಬತ್ತರ ದಶಕದ ಒಂದು ಹಿಂದಿ ಪಾಪ್ ಆಲ್ಬಮ್ ಶುರುವಾಯಿತು. ಎಲ್ಲಿಂದಲೋ ಬೆಂದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿದಂತಾಯಿತು.

ರಾಮನಗರದ ರೀಲಿಂಗ್ ಘಟಕದಲ್ಲಿ ನಮ್ಮ ಸಾಕಮ್ಮತ್ತೆ ಗೂಡಿನಿಂದ ನೂಲು ತೆಗೆಯುತ್ತಿದ್ದಳು. ಬಿಸಿನೀರಿಗೆ ಅವಳ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಗೋಡೆಯ ಮೊಳೆಗೆ ನೇತುಹಾಕಿದ್ದ ಬ್ಯಾಟರಿ ಟೇಪ್ ರೆಕಾರ್ಡರಿನಲ್ಲಿ ದಿನವೂ ಇದೇ ಕ್ಯಾಸೆಟ್. ಯಂತ್ರಗಳ ಸದ್ದಿನಲ್ಲಿ ಡ್ರಮ್ಮಿನ ಬಡಿತವಷ್ಟೇ ಕೇಳುತ್ತಿತ್ತು. ಸ್ಕೂಲು ಬಿಟ್ಟು ಅಲ್ಲಿಗೆ ಹೋಗುತ್ತಿದ್ದ ನನಗೆ ಅದು ಬರೀ ಹಳೇ ಗಲಾಟೆ.

ಕರೆಂಟ್ ಹೋದರೆ ಯಂತ್ರಗಳು ನಿಲ್ಲುತ್ತಿದ್ದವು, ಟೇಪು ಮಾತ್ರ ಹಾಡುತ್ತಲೇ ಇರುತ್ತಿತ್ತು. ಮಾಲೀಕರು ಕರೆಂಟಿನವರನ್ನು ಬೈಯುತ್ತಿದ್ದರು, ನಾನು ಆಡಲು ಹೊರಗೆ ಓಡುತ್ತಿದ್ದೆ. ಅತ್ತೆ ಒದ್ದೆ ಕೈಗಳನ್ನು ಸೀರೆಗೆ ಒರೆಸಿ, ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದಳು.

"ಒಸಿ ಕೂತ್ಕಳೆ. ಕರೆಂಟ್ ಬಂದ್ಬುಟ್ರೆ ಇದು ಕೇಳ್ಸಾಕಿಲ್ಲ ಕಣೆ," ಎನ್ನುತ್ತಿದ್ದಳು.

ಇವತ್ತು ಇಡ್ಲಿ ಆರಿಹೋಗುವ ತನಕ ಕೂತು ಕೇಳಿದೆ. ಆ ಡ್ರಮ್ಮಿನ ಹಿಂದೆ ಒಬ್ಬ ಹೆಂಗಸು ಎಷ್ಟು ಮೆಲ್ಲಗೆ ಹಾಡಿದ್ದಾಳೆ! ಬಸ್ಸು ತಪ್ಪಿಹೋಯಿತು.

ಆ ಘಟಕ ಮುಚ್ಚಿ ಬಹಳ ಕಾಲವಾಯಿತು. ಯಂತ್ರಗಳ ಸದ್ದಿಗೆ ಅತ್ತೆಯ ಕಿವಿಯೂ ಮಂದವಾಗಿದೆ. ಸಂಜೆ ಅವಳ ಮನೆಗೆ ಹೋಗಿ, ಫೋನನ್ನು ಅವಳ ಕಿವಿಗೆ ಒತ್ತಿ ಹಿಡಿದು ಆ ಹಾಡು ಹಾಕಿದೆ. ಅತ್ತೆ ಒಣಗಿದ ಕೈಗಳನ್ನೇ ಸೀರೆಗೆ ಒರೆಸಿಕೊಂಡು, ಮಡಿಲಲ್ಲಿಟ್ಟು ಕೇಳಿದಳು:

"ಕರೆಂಟ್ ಹೋಯ್ತೇನೆ?"